ಹದಿಮೂರು ಹಾಳೆ

ಕಾಗದ ಎಂದರೆ ಕಾಗದ ಅಂದುಕೊಂಡಿದ್ದೀಯ, ರಾಸ್ತ್ಕೊ.
ನಾನೂ ಹಾಗೇ ಅಂದುಕೊಂಡಿದ್ದೆ,
ರೇಡಿಯೊ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ಬೆಸುಗೆ ಹಾಕಿದವಳು.
ಅಲ್ಲಿ ಬೋರ್ಡು ತೂತು ಸಮೇತ ತಯಾರಾಗಿಯೇ ಬರುತ್ತಿತ್ತು,
ಯಾರು ಮಾಡಿದರೆಂದು ಕೇಳಲು ಪುರುಸೊತ್ತಿರಲಿಲ್ಲ.

ಕಾರ್ಖಾನೆಗೆ ಬೀಗ ಬಿತ್ತು.
ಈಗ ನೀಶ್ ಊರಿನ ಈ ಅಡುಗೆಮನೆ,
ಈ ಇಸ್ತ್ರಿಪೆಟ್ಟಿಗೆ, ಬೋಗುಣಿ, ಸ್ಟೀಲ್ ನಾರು,
ತಾಮ್ರ ಹೊದ್ದ ಅಂಗೈಯಗಲದ ತಗಡು.

ಮೊದಲು ತಂದದ್ದು ಫೋಟೊ ಕಾಗದ, ದುಬಾರಿಯದು.
ಅದರ ಪ್ಲಾಸ್ಟಿಕ್ ಮೈ ಪ್ರಿಂಟರಿನ ಬಿಸಿ ಉರುಳೆಗೆ ಕರಗಿ ಅಂಟಿ
ಕಾಪಿ ಅಂಗಡಿಯ ಬೋಯಾನ್
ಮೂರು ವಾರ ನನ್ನ ನಮಸ್ಕಾರಕ್ಕೆ ತಲೆ ಎತ್ತಲಿಲ್ಲ.

ಕೇಕಿನ ತಟ್ಟೆಗೆ ಹಾಸುವ ಕಾಗದದ ಮೇಲೆ
ಮಸಿ ನಿಲ್ಲಲೇ ಇಲ್ಲ. ಬೆರಳು ತಾಗಿದರೆ ಬೂದಿಯ ಹಾಗೆ ಹಾರಿತು.
ಸ್ಟಿಕರಿನ ಬೆನ್ನಿಗಿರುವ ಹಳದಿ ಕಾಗದ
ಎಲ್ಲ ಬಿಟ್ಟುಕೊಟ್ಟಿತು, ಆದರೆ ಆತುರಗೇಡಿ,
ಒತ್ತುವಷ್ಟರಲ್ಲಿ ಜಾರಿ
ಗೆರೆಗಳೆಲ್ಲ ಕುಡಿದವನ ನಡಿಗೆ.
ಕಚೇರಿಯ ಬಿಳಿ ಹಾಳೆಯದು ಉಡದ ಹಿಡಿತ,
ರಾತ್ರಿಯಿಡೀ ನೆನೆಹಾಕಿದರೂ ನಾರು ನಾರಾಗಿ ಕೂತಿತ್ತು,
ಉಜ್ಜಿದರೆ ಗೆರೆಯನ್ನೂ ಕಿತ್ತುಕೊಂಡು ಬಂತು.

ಚುನಾವಣೆಯ ಕರಪತ್ರವನ್ನೂ ಬಿಡಲಿಲ್ಲ ನಾನು.
ಎಂಥ ನುಣುಪು!
ಮೂಗಿಗೆ ತುಪ್ಪ ಸವರುವವರ ಕಾಗದ ನುಣುಪಾಗಿರಲೇಬೇಕಲ್ಲ.
ಅಭ್ಯರ್ಥಿಯ ಹಲ್ಲಿನ ಮೇಲೆ ನನ್ನ ಸರ್ಕ್ಯೂಟು ಅಚ್ಚಾಯಿತು.
ಒತ್ತಿದೆ, ನೀರಿಗೆ ಹಾಕಿದೆ, ಗುಳ್ಳೆ ಎದ್ದವು.
ಅರ್ಧ ಕೊಟ್ಟ, ಅರ್ಧ ಇಟ್ಟುಕೊಂಡ.
ನಗಬೇಡ. ನಾನಾಗಲೇ ನಕ್ಕಾಗಿದೆ.

ಆಮೇಲೆ ಸಿಕ್ಕಿತು, ಹುಡುಕುವುದನ್ನು ಬಿಟ್ಟ ಮೇಲೆ:
ಪ್ರತಿ ಗುರುವಾರ ಕೆಳಗಿನ ಅಂಚೆಪೆಟ್ಟಿಗೆಗಳಿಗೆ ತುರುಕಿ ಹೋಗುವ
ಸೂಪರ್‌ಮಾರ್ಕೆಟ್ಟಿನ ರಿಯಾಯಿತಿ ಪುಸ್ತಿಕೆ.
ಹಂದಿಮಾಂಸ, ಕೆಂಪು ಮೆಣಸಿನಕಾಯಿ, ಬಟ್ಟೆ ಸೋಪು.
ತೆಳು ಹಾಳೆ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಜೇಡಿಮಣ್ಣು.
ಮಸಿ ಕೂರುವುದು ಆ ಮಣ್ಣಿನ ಮೇಲೆ.
ನೀರು ಕುಡಿದ ಮಣ್ಣು ಸಡಿಲುತ್ತದೆ,
ಕಾಗದ ಜಗಳವಾಡದೆ ಎದ್ದು ಹೋಗುತ್ತದೆ,
ಮೆಣಸಿನಕಾಯಿಯ ಕೆಂಪನ್ನೂ ಜೊತೆಗೆ ಕರೆದುಕೊಂಡು.

ಹತ್ತೊಂಬತ್ತು ಪೆಟ್ಟಿಗೆಗಳಿಂದ ಎತ್ತಿದೆ, ಕಳ್ಳಿಯ ಹಾಗೆ.
ಮೂರನೇ ಮಹಡಿಯ ರಾದೊಯ್ಕಾ ಕೇಳಿಯೇ ಬಿಟ್ಟಳು,
"ವುಕೋಸಾವಾ, ಅಷ್ಟೊಂದು ಸೋಪು ಯಾಕೆ ನಿನಗೆ?"

ಈ ವಸಂತದಿಂದ ಪುಸ್ತಿಕೆ ಫೋನಿನಲ್ಲಿ ಮಾತ್ರವಂತೆ.
ಮಂಚದ ಕೆಳಗಿನ ಕಟ್ಟು ಎಳೆದು ಎಣಿಸಿದೆ.
ಮಡಿಕೆ ಬಿದ್ದದ್ದು ಬೇಡ, ಮಡಿಕೆಯಲ್ಲಿ ಗೆರೆ ಒಡೆಯುತ್ತದೆ.
ಜಿಡ್ಡು ತಾಗಿದ್ದು ಬೇಡ.
ಉಳಿದದ್ದು ಹದಿಮೂರು.

ಒಂದು ಇವತ್ತು, ಸ್ಮಿಲ್ಯಾಗೆ.
ಹೋದ ಚಳಿಗಾಲದಲ್ಲಿ ಅವಳ ತಮ್ಮ ಲೆಸ್ಕೊವಾತ್ಸ್‌ನಿಂದ ಬಂದು
ಒಂದು ಗಂಟೆ ಬೆಲ್ ಒತ್ತಿ, ಬಾಗಿಲು ಬಡಿದು,
ಜಾಮಿನ ಬಾಟಲಿ ಹೊಸ್ತಿಲಲ್ಲಿಟ್ಟು ಹೋದ.
ಒಳಗೆ ಅವಳು ಇದ್ದಳು. ಕಿವಿ ಇರಲಿಲ್ಲ.
ಇದು ಕೂತರೆ, ಹೊರಗೆ ಬೆಲ್ ಒತ್ತಿದಾಗ
ಅವಳ ಒಲೆಯ ಮೇಲಿನ ದೀಪ ಮೂರು ಸಲ ಮಿನುಗುತ್ತದೆ.

ಕನ್ನಡಿಯಲ್ಲಿ ಕಂಡಂತೆ ಅಚ್ಚಾಗಿದೆ ನೋಡು,
ಅವಳ ಹೆಸರು ಹಿಂದುಮುಂದಾಗಿ.
ತಾಮ್ರಕ್ಕೆ ಇಳಿದಾಗ ತಾನೇ ನೆಟ್ಟಗಾಗುತ್ತದೆ.
ತಗಡನ್ನು ತಿಕ್ಕು, ಇನ್ನೂ ತಿಕ್ಕು, ಬೆರಳಚ್ಚು ಉಳಿಯಬಾರದು.
ಇಸ್ತ್ರಿಯ ಹಬೆ ನಿಲ್ಲಿಸು.
ಮೂಲೆಗಳಿಗೆ ಜಾಸ್ತಿ ಒತ್ತು, ಎಲ್ಲರೂ ಮೂಲೆ ಮರೆಯುತ್ತಾರೆ.
ಈಗ ನೀರಿಗೆ ಬಿಡು.
ಸುಲಿಯಬೇಡ ಅಂದೆನಲ್ಲ! ಬಾ, ಕಾಫಿ ಕುಡಿಯೋಣ.

ಆಯಿತು ನೋಡು.
ನೂರಾ ಎಂಬತ್ತೊಂಬತ್ತು ದಿನಾರಿನ ಸೋಪು
ಹಿಟ್ಟಾಗಿ ಬೋಗುಣಿಯಲ್ಲಿ ತೇಲುತ್ತಿದೆ.
ಗೆರೆಗಳ ನಡುವೆ ಬಿಳಿ ಉಳಿದಿದೆ, ತೆಗೆ.
ಉಗುರು ಬೇಡ. ಹೆಬ್ಬೆರಳ ಮೆತ್ತಗಿನ ಜಾಗದಿಂದ.
ಹಾಂ, ಹಾಗೆ.

ಹನ್ನೆರಡು.