ಬುಧವಾರದ ಹಾಳಿ

ಮೇಡಂ, ಬುಧವಾರದ ಹಾಳಿ ಖಾಲಿ ಅದ ಅಂತ
ಕೆಂಪು ಪೆನ್ನಿಲೆ ಗೆರಿ ಎಳದೀರಿ.
ಹೌದ್ರೀ, ಖಾಲಿ ಅದ.
ನೀವೂ ಅಕ್ಕಲಕೋಟದ ಕಡಿಯವ್ರು, ಅದಕ್ಕ ಕನ್ನಡದಾಗ ಹೇಳತೀನಿ:
ಅವತ್ತಿನ ಕೆಲಸಕ್ಕ ರಜಿಸ್ಟರದಾಗ ಖಾನೆ ಇಲ್ಲ.

ಮೂರನೇ ಗಲ್ಲಿ ನರಸವ್ವ,
ನಳದ ಎದುರು ಪತ್ರಾಸಿನ ಮನಿ.
ಎರಡು ತಿಂಗಳಿಂದ ಕೆಮ್ಮು.
ಹೊಸ್ತಿಲದಾಗ ನಿಂತ್ರ ಸಿವಿಲ್ ದವಾಖಾನಿ ಕಾಣಸ್ತದ,
ನೀರಿನ ಟಾಕಿ, ಅದರ ಹಿಂದ ಹಳದಿ ಗ್ವಾಡಿ.
ನಡದರ ಹದಿನೈದು ಮಿನಿಟು.
ಆಕಿಗೆ ಮಾತ್ರ ಪುಣೆಕ್ಕಿಂತ ದೂರ.

ನಾಕು ಸಲ ಹೋದೆ.
ಕಫಕ್ಕಂತ ಕೊಟ್ಟ ಡಬ್ಬಿಯಾಗ ಸೂಜಿ ಗುಂಡಿ ಇಟ್ಕೊಂಡಿದ್ಲು.
"ಅಲ್ಲಿ ಚೀಟಿಗೊಂದು ಸಾಲು, ಫೋಟೋಕ್ಕೊಂದು ಸಾಲು.
ಅವರು ಮರಾಠಿಯಾಗ ಕೇಳ್ತಾರ,
ನಾ ಕನ್ನಡದಾಗ ಕೆಮ್ಮತೀನಿ" ಅಂದು ನಕ್ಕಳು.
ನಗಿ ಮುಗದ ಮ್ಯಾಲೆ ಖರೇ ಮಾತು ಬಂತು:
"ಸಂಜಿ ನಾಕಕ್ಕ ಬ್ರಾಂಚಿಗೆ ಮಾಲು ಮುಟ್ಟಬೇಕು.
ಒಂದು ದಿನ ತಪ್ಪಿದ್ರ ನಾಳಿಗೆ ಎಲಿ ಕೊಡಂಗಿಲ್ಲ,
ನಾಕು ದಿನ ತಪ್ಪಿದ್ರ ಕಾರ್ಡೇ ಹೋಗ್ತದ.
ಕಾರ್ಡ್ ಹ್ವಾದ ಮ್ಯಾಲೆ
ಕೆಮ್ಮು ಹೋಗಿ ಏನ ಮಾಡೂದದ?"

ಟ್ರೇನಿಂಗ್‌ದಾಗ ಇದಕ್ಕ ಉತ್ತರ ಹೇಳಿರಲಿಲ್ಲ.
ನೀವು ಕೊಟ್ಟ ಚಿತ್ರದ ಪುಸ್ತಕ ತಿರುವಿ ನೋಡಿದೆ.
ತಾಯಿ, ಕೂಸು, ಸೊಳ್ಳಿ, ಸಾಬೂನು.

ಬುಧವಾರ ಮುಂಜಾನೆ ಏಳಕ್ಕ ಹೋಗಿ
ಚೀಲ ಗೂಟಕ್ಕ ಹಾಕಿ
ಆಕಿ ತೊಡಿ ಮ್ಯಾಲಿನ ಮೊರ ನನ್ನ ತೊಡಿಗೆ ಎಳಕೊಂಡೆ.
"ಏಳು. ನೀ ಹೋಗು. ಇವತ್ತಿಂದು ನಾ ಕಟ್ಟತೀನಿ."
ನನ್ನ ಮಗಳು ಸ್ನೇಹಲ್, ಮರಾಠಿ ಶಾಳಿ, ಒಂಬತ್ತನೇತ್ತ,
ಆಕಿನ್ನ ಜೋಡಿ ಕಳಿಸಿದೆ.
ಶಾಳಿ ತಪ್ಪಿಸಿದ್ದೂ ಬರಕೋರಿ, ಬೇಕಾದ್ರ.

ನಮ್ಮವ್ವ ಮೂವತ್ತು ವರ್ಷ ಕಟ್ಟಿದಾಕಿ.
ಆಶಾ ಕೆಲಸ ಸಿಕ್ಕ ದಿನ ನಾ ಈ ಕೈ
ಮೂರು ಸಲ ಸಾಬೂನು ಹಚ್ಚಿ ತೊಳಕೊಂಡಿದ್ದೆ.
ಪತ್ರಾ ಇಟ್ಟು ಎಲಿ ಕತ್ತರಿಸು, ಚಿಟಿಕಿ ತಂಬಾಕು,
ಉರುಳಿಸು, ಬಾಯಿ ಮಡಚು, ಎರಡು ಸುತ್ತು ದಾರ.
ಬೆರಳು ಏನೂ ಮರತಿರಲಿಲ್ಲ.
ಎದುರಿನ ಗ್ವಾಡಿ ಮ್ಯಾಲೆ ನಾನ ಹಚ್ಚಿದ ಪೋಸ್ಟರು,
ಬೀಡಿ ಸೇದಬ್ಯಾಡ್ರಿ.
ಅದನ್ನ ನೋಡಕೋತ ನೋಡಕೋತ ಆರನೂರು ಕಟ್ಟಿದೆ.
ನಗ್ರಿ ಮೇಡಂ, ನಡೀತದ.

ಬಾಜೂಮನಿ ಹುಸೇನಬಿ ಇಣಕಿ ನೋಡಿದ್ಲು.
ಏನೂ ಕೇಳಲಿಲ್ಲ.
ಸೆರಗಿನ್ಯಾಗ ತನ್ನವು ಐದು ಕಟ್ಟು ತಂದು
ಮೊರದಾಗ ಇಟ್ಟು ಹ್ವಾದ್ಲು.

ಬ್ರಾಂಚಿನ ಚೆಕರ್ ಹಿಚುಕಿ ನೋಡಿ
ನಲವತ್ತು ತಗದು ಒಗದ.
"ಹೊಸಾ ಕೈ ಏನು?"
"ಅಲ್ಲ, ಹಳೀದು" ಅಂದೆ.

ತಿರುಗಿ ಬರೂದ್ರಾಗ ಇಬ್ಬರೂ ಬಂದು ಕುಂತಿದ್ರು.
ನರಸವ್ವ ದೊಡ್ಡ ಕರೀ ಫೋಟೋ ಎತ್ತಿ
ಸೋಲಾಪುರದ ಇಳಿ ಬಿಸಲಿಗೆ ಹಿಡದು
"ಇದು ನನ್ನ ಎದಿ ಅಂತ" ಅಂದ್ಲು.
"ಮ್ಯಾಲಿನ ಮೂಲ್ಯಾಗ ಮಂಜು ಬಿದ್ದದ ಅಂತ."
ಎಷ್ಟೋ ಹೊತ್ತು ನೋಡಿದ್ಲು, ಬ್ಯಾರೆಯವರ ಮನಿ ನೋಡಿದಂಗ.
ಸ್ನೇಹಲ್ ಮೆಲ್ಲಕ ಹೇಳಿದ್ಲು,
ಅವ್ವಾ, ಸಾಲಿನ್ಯಾಗ ನಿಂತಾಗೂ
ನರಸವ್ವನ ಬೆರಳು ಸುಮ್ನ ಇರಲಿಲ್ಲ, ಗಾಳಿ ಸುತ್ತತಿದ್ವು.

ಗುರುವಾರದ್ದು ನೋಡ್ರಿ, ಎಲ್ಲಾ ಸರಿ ಅದ.
ಹೆಸರು, ವಯಸ್ಸು, ತೂಕ ಮೂವತ್ತಾರು ಕಿಲೋ,
ಗುಳಿಗಿ ಚಾಲೂ, ನನ್ನ ಸಹಿ.
ಬುಧವಾರದ್ದು ಹಂಗ ಇರಲಿ ಬಿಡ್ರಿ.
ಪೂರಾ ಖಾಲಿ ಏನಿಲ್ಲ ಅದು,
ಕೆಳಗಿನ ಮೂಲ್ಯಾಗ ಕಂದು ಹೆಬ್ಬೆಟ್ಟು ಮೂಡ್ಯದ.
ಮೂಸಿ ನೋಡ್ರಿ, ತಂಬಾಕು.

ಮತ್ತ, ಈಗ ಹೇಳಿಡತೀನಿ,
ಬರೂ ಬುಧವಾರದ ಹಾಳಿನೂ ಖಾಲಿ ಇರ್ತದ.
ಐದನೇ ಗಲ್ಲಿ ಬಾಲಮಣಿ.
ಆಕಿ ತೆಲುಗಿನ್ಯಾಗ ಕೆಮ್ಮತಾಳ.