ಕೈ ಊರದೆ

ಮತ್ರಾದ ಈ ಮನೆಯಲ್ಲಿ ಇಪ್ಪತ್ತೇಳು ವರ್ಷ
ಕೂತ್ಕೋ ಅಂದವರಿಲ್ಲ ನನಗೆ.
ಈಗ ಫಿಸಿಯೋಥೆರಪಿ ಹುಡುಗಿ ಹೇಳುತ್ತಾಳೆ:
ಕೂರಿ. ಕೈ ಊರದೆ ಏಳಿ. ಮತ್ತೆ ಕೂರಿ.
ಏಳನೇ ಸಲಕ್ಕೇ ತೊಡೆ ನಡುಗಿತು.

ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳವೇ ಮೊದಲು ಹೇಳಿದ್ದು.
ಆಮೇಲೆ ಬಳೆ, ಮೊಣಕೈತನಕ ಜಾರಿತು.
ಬಂಗಾರ ಇದ್ದಷ್ಟೇ ಇದೆ,
ತೋಳು ಮಾತ್ರ ರಜೆ ಕೇಳದೆ
ಚೂರುಚೂರೇ ಊರಿಗೆ ಹೊರಟುಬಿಟ್ಟಿದೆ.

ಇದೇ ತೋಳಲ್ಲಿ ಹಮೂದನನ್ನು ಎತ್ತಿಕೊಂಡು
ಮೂರು ಮಹಡಿ ಹತ್ತುತ್ತಿದ್ದೆ,
ಇನ್ನೊಂದರಲ್ಲಿ ಅಕ್ಕಿಚೀಲ.
ಹಮೂದನಿಗೀಗ ಗಡ್ಡ.

ಅವನಜ್ಜಿ ಉಮ್ಮ್ ಸಾಲಿಮ್ ನನ್ನೆದುರಿಗೆ.
ಅವಳಿಗೂ ಇದೇ ಚೀಟಿ.
ಲೀಟರು ನೀರಿನ ಬಾಟ್ಲಿ ಎತ್ತಿ ಇಳಿಸುತ್ತ
ವಾಹಿದ್, ಇತ್‌ನೈನ್ ಅನ್ನುತ್ತಾಳೆ ಅವಳು,
ಮೂರು, ನಾಲ್ಕು ಅನ್ನುತ್ತೇನೆ ನಾನು.
ಹತ್ತು ಎಲ್ಲಿ ಬಂತೆಂದು ಇಬ್ಬರಿಗೂ ಗೊತ್ತಾಗುವುದಿಲ್ಲ.

ನಿನ್ನೆ ಏಳಲಾರದೆ ಕೈ ಚಾಚಿದಳು.
ನಾನೂ ಚಾಚಿದೆ.
ಉಳಿದಿರುವುದು ಅಭ್ಯಾಸಬಲ ಒಂದೇ ತಾನೇ!
ಅರ್ಧ ಎದ್ದು, ಒಬ್ಬರನ್ನೊಬ್ಬರು ಎಳೆದು
ಒಂದೇ ಸೋಫಾದ ಮೇಲೆ ದೊಪ್ಪನೆ ಬಿದ್ದೆವು.
ಅಬಾಯಾದ ಅಂಚು ನನ್ನ ಮಂಡಿಯ ಕೆಳಗೆ ಸಿಕ್ಕಿತ್ತು.
ಬಿಡಿಸಿಕೊಳ್ಳಲಿಲ್ಲ ಅವಳು.

ಬೆನೆದಿಕ್ತಾ, ಎರಡು ಮೊಟ್ಟೆ ಬೇಯಿಸು, ಅಂದಳು.
ಉಸಿರು ತಿರುಗಿದ ಮೇಲೆ,
ನಾಲ್ಕು.