ನಿನ್ನೆಯಂತೆ

ತಿಯೋನ್‌ವಿಲ್‌ನಿಂದ ಆರೂ ಮೂವತ್ತೇಳರ ರೈಲು.
ಗಡಿ ದಾಟಿದ್ದು ಗೊತ್ತಾಗುವುದು ಫೋನಿಗೆ ಮಾತ್ರ:
ಸ್ವಾಗತ ಎನ್ನುತ್ತದೆ, ಒಂಬತ್ತು ವರ್ಷದಿಂದ,
ದಿನವೂ ಹೊಸಬಳಿಗೆ ಹೇಳುವ ಹಾಗೆ.

ಲಕ್ಸೆಂಬರ್ಗಿನ ಗುಡ್ಡದ ಮೇಲೆ ಗಾಜಿನ ಆರನೇ ಮಹಡಿ.
ನನ್ನ ಪಾಲಿಗೆ ನಲವತ್ತೊಂದು ಫಂಡು.
ಎಡಗಡೆ ಬ್ಯಾಂಕು ಹೇಳಿದ್ದು, ಬಲಗಡೆ ನಾವು ಬರೆದದ್ದು;
ಹೊಂದದ ಸಾಲು ಹಳದಿಯಾಗುತ್ತದೆ.
ಹಳದಿಗೆ ಕಾರಣ ಕೊಡಬೇಕು. ಕೊಡುತ್ತೇನೆ:
"ನಿನ್ನೆಯಂತೆ."
ಕೆಳಗಿನ ಸಾಲಿಗೂ
"ನಿನ್ನೆಯಂತೆ."
ಐದರೊಳಗೆ ಬೆಲೆ ಹೊರಡಬೇಕು,
ಐದೂ ಒಂದಾದರೆ ಡಬ್ಲಿನ್‌ನಿಂದ ಫೋನು.
ನೀರು ಕುಡಿಯಲು ಮರೆತ ದಿನಗಳಿವೆ,
ಸೊನ್ನೆ ಮರೆತ ದಿನವಿಲ್ಲ.

ಮೊನ್ನೆ ಸಂಜೆ ಕಿಟಕಿಯ ಅಂಚಿಗೆ ಹಕ್ಕಿಯೊಂದು ಬಂದು ನಿಂತಿತು,
ಕಪ್ಪು ಬಿಳುಪು, ಬಾಲಕ್ಕೆ ಬಿಡುವಿಲ್ಲ.
ಸಣ್ಣವಳಿದ್ದಾಗ ಮೊಸೆಲ್ ದಂಡೆಯಲ್ಲಿ
ದಿನಕ್ಕೆ ಹತ್ತು ಸಲ ನಾನೇ ಹೆಸರು ಹಿಡಿದು ಕೂಗಿದ ಹಕ್ಕಿ.
ಕಸದ ಚೀಲ ಹಿಡಿದ ಇದಲೀನಾ ಕೇಳಿದಳು,
ನಮ್ಮ ಬ್ರಾಗಾದಲ್ಲೂ ಇದೆ, ನಿಮ್ಮಲ್ಲೇನಂತಾರೆ?
ಬಾಯಿ ತೆರೆದೆ.
ಬಂದದ್ದು: "ಬಾಕಿ ಇದೆ, ನಾಳೆ ಸರಿಹೋಗುತ್ತದೆ."
ಅವಳು ನಕ್ಕಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಅಪ್ಪ ಅಯಾಂಜ್‌ನ ಉಕ್ಕಿನ ಕುಲುಮೆಯಲ್ಲಿ ದುಡಿದವನು,
ಕಿವಿಗಳೆರಡನ್ನೂ ಅಲ್ಲೇ ಬಿಟ್ಟು ಬಂದ.
ಅದಕ್ಕೊಂದು ಕಾಗದವಿತ್ತು: ಎಡ ಇಷ್ಟು, ಬಲ ಇಷ್ಟು,
ಶೇಕಡಾ ಲೆಕ್ಕ, ಡಾಕ್ಟರ ಸಹಿ, ತಿಂಗಳಿಗೊಂದಿಷ್ಟು ಪರಿಹಾರ.
ನನ್ನ ಡಾಕ್ಟರು ರಕ್ತ ನೋಡಿ
ಕಬ್ಬಿಣ ಸರಿಯಾಗಿದೆ ಎಂದರು.

ಚಿಕ್ಕಂದಿನಲ್ಲಿ ಅಮ್ಮ ಮೊಂಡಿ ಎನ್ನುತ್ತಿದ್ದಳು, ನನ್ನ ಹಟಕ್ಕೆ.
ಚಾಕುವಿಗೆ ಹೇಳುವ ಅರ್ಥದಲ್ಲಿ
ಆ ಮಾತು ಈಗಲೂ ಹೊಂದುತ್ತದೆ.
ಹೊಂದುವುದರಿಂದ, ಹಳದಿಯಾಗುವುದಿಲ್ಲ.

ಭಾನುವಾರ ಅಪ್ಪನ ಅಡುಗೆಮನೆ. ಕೂಗಿದರೂ ಕೇಳದು.
ಎರಡು ಬೆರಳನ್ನು ಮೇಜಿನ ಮೇಲೆ ನಡೆಸಿದೆ,
ಹಿಂದೆ ಚಮಚದ ಬಾಲ, ಮೇಲೆ ಕೆಳಗೆ, ಮೇಲೆ ಕೆಳಗೆ.
ಅಪ್ಪ ನೋಡಿದ. ಸೂಪಿನ ಬಟ್ಟಲು ಪಕ್ಕಕ್ಕೆ ಸರಿಸಿದ.
ಕಿವುಡರ ದೊಡ್ಡ ದನಿಯಲ್ಲಿ, ಗೋಡೆಯಾಚೆಗೂ ಕೇಳುವಂತೆ:
"ಕುಂಡೆಕುಸ್ಕ!"

ಸೋಮವಾರ. ಆರೂ ಮೂವತ್ತೇಳು. ಸ್ವಾಗತ.
ಆ ಹೆಸರನ್ನು ನಾಲಿಗೆಯಡಿ ಮಾತ್ರೆಯ ಹಾಗೆ ಇಟ್ಟುಕೊಂಡಿದ್ದೇನೆ.
ಇದಲೀನಾ ಬರುವುದು ಸಂಜೆ ಆರಕ್ಕೆ.
ಅಷ್ಟರವರೆಗೆ ಕರಗದಿದ್ದರೆ ಸಾಕು.